ಹಿಂದಕ್ಕೆ ತೆಗೆದ ಗಾಡಿ

ಐಹೊಳೆ ಹತ್ತಿರ, ಶಂಕ್ರಪ್ಪನವರ ಹೊಲದಿಂದ
9-12-2024, ಸೋಮವಾರ

ನನ್ನ ತಾಯಿಯಂಥ ಸೊಸೆ ಸುರೇಖಾಳಿಗೆ ನಿನ್ನ ಮಾವ ಅಮಸಿದ್ದಪ್ಪನ ಆಶೀರ್ವಾದ.

ಕೈ ಹೇಗಿದೆ? ಪಟ್ಟಿ ಬಿಚ್ಚಿದರೋ, ಇನ್ನೂ ಹಾಗೇ ಇದೆಯೋ? ಚೊಳಚಗುಡ್ಡದಿಂದ ಬಾದಾಮಿಗೆ ಎರಡು ದಿನಕ್ಕೊಮ್ಮೆ ನಿನ್ನ ಅಣ್ಣ ಕರೆದುಕೊಂಡು ಹೋಗಿ ಔಷಧ ಹಚ್ಚಿಸುತ್ತಾನೆಂದು ಗೊತ್ತಾಯಿತು. ಆ ಎರಡು ಬೆರಳು ಮಡಚಲು ಬರುತ್ತವೆಯೇ? ರೊಟ್ಟಿ ಬಡಿಯುವ ಕೈ ಅದು. ತವರುಮನೆ ಎಂದು ಸುಮ್ಮನೆ ಕೂಡುವವಳಲ್ಲ ನೀನು, ಭಾಂಡೆ ತಿಕ್ಕಲು ಹೋಗಿ ಕೈಗೆ ನೀರು ತಾಗಿಸಬೇಡ. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ ಎಂದು ಬರೆಯುವುದು ಪದ್ಧತಿ. ನಿನ್ನ ಅತ್ತೆ ಮಾಯವ್ವನ ಮೊಣಕಾಲು ಎಂದಿನಂತಿದೆ, ಬಾಯಿಯೂ ಎಂದಿನಂತಿದೆ. ಕುರಿಗಳು ಚೆನ್ನಾಗಿವೆ. ನಿನ್ನ ಗಂಡ ಮಹಾಂತೇಶ ತಾನೇ ರೊಟ್ಟಿ ಮಾಡುತ್ತಾನೆ, ನಾಯಿ ಅದನ್ನು ಮೂಸಿ ನೋಡಿ ನನ್ನ ಮುಖ ನೋಡುತ್ತದೆ. ರವಿವಾರ ಅಂಜನಾ ಬಾಗಲಕೋಟೆಯ ಹಾಸ್ಟೆಲಿನಿಂದ ಫೋನು ಮಾಡಿದ್ದಳು. ಅವ್ವನ ಕೈಗೆ ಏನಾಯಿತು ಎಂದು ನನ್ನನ್ನೇ ಕೇಳಿದಳು. ನಾನು ಫೋನನ್ನು ಅವಳ ಅಪ್ಪನಿಗೆ ಕೊಟ್ಟೆ.

ಮಾವನಾದವನು ಸೊಸೆಗೆ ಪತ್ರ ಬರೆದದ್ದು ನಮ್ಮ ಮಂದಿಯಲ್ಲಿ ನಾನಂತೂ ಕೇಳಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನನ್ನ ದನಿ ಕೇಳಿದ ಕೂಡಲೇ ನೀನು ತಲೆಯ ಮೇಲೆ ಸೆರಗು ಎಳೆದುಕೊಂಡು ಫೋನನ್ನು ನಿನ್ನ ತಾಯಿಯ ಕೈಗೆ ಕೊಡುತ್ತೀ. ಹದಿನಾಲ್ಕು ವರ್ಷ ಒಂದೇ ಹಟ್ಟಿಯಲ್ಲಿ ಉಂಡೆವು, ನೀನು ನನ್ನೊಡನೆ ನೇರವಾಗಿ ಮಾತಾಡಿದವಳಲ್ಲ, ನಾನೂ ಆಡಿಸಿದವನಲ್ಲ. ಅದೇ ಮರ್ಯಾದೆ ಎಂದುಕೊಂಡಿದ್ದೆ. ಏಳನೇ ಇಯತ್ತೆಯ ಅಕ್ಷರ ಇವು, ತಪ್ಪು ಇದ್ದರೆ ತಿದ್ದಿಕೊಂಡು ಓದು. ನಿನ್ನೆಯಿಂದ ಮೂರು ಹಾಳೆ ಹರಿದಿದ್ದೇನೆ.

ನಮ್ಮ ಗಾಡಿಯ ವಿಷಯ ನಿನಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನನ್ನ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ಕುರಿ ಹಿಂಡಿನೊಡನೆ ಊರೂರು ತಿರುಗುವ ನಾವು ಹಿಂದೆ ಕುದುರೆಯ ಮೇಲೆ ಸಾಮಾನು ಹೇರುತ್ತಿದ್ದೆವು. ಎಂಟು ವರ್ಷದ ಹಿಂದೆ ಆ ದೊಡ್ಡ ಟೆಂಪೊ ತಂದ ಮೇಲೆ ಅದೇ ನಮ್ಮ ಮನೆಯಾಯಿತು. ತಾಡಪಾಲಿನ ಕೆಳಗೆ ಒಲೆ, ನೀರಿನ ಡ್ರಮ್ಮು, ಹಾಸಿಗೆ, ಕೋಳಿ ಬುಟ್ಟಿ, ಹಲಗೆಯ ಮೇಲೆ ಎಳೆ ಮರಿಗಳು, ಅವುಗಳ ನಡುವೆ ನೀನು. ಕಾಲಲ್ಲಿ ಬಲ ಇದ್ದವರು ಕುರಿಯ ಜೊತೆ ನಡೆಯುತ್ತಾರೆ, ನಡೆಯಲಾರದವು ಗಾಡಿಯಲ್ಲಿ ಬರುತ್ತವೆ, ಅದು ನಮ್ಮ ಲೆಕ್ಕ. ನನ್ನ ಕಾಲು ಸೋತು ಹತ್ತು ವರ್ಷವಾಯಿತು. ಆದರೆ ನಾನು ನಡೆಯಲಾರದವರ ಸಾಲಿಗೆ ಸೇರಲಿಲ್ಲ, ಸ್ಟಿಯರಿಂಗ್ ಹಿಡಿದು ಕುಳಿತೆ. ಇಳಕಲ್ಲಿನಲ್ಲಿ ಇಪ್ಪತ್ತು ವರ್ಷ ಗ್ರಾನೈಟ್ ಲಾರಿ ಹೊಡೆದವನು, ಈ ಟೆಂಪೊ ನನಗೇನು ಎಂದು ಮೀಸೆ ತಿರುವಿದೆ.

ನನಗೆ ಈಗ ಎಪ್ಪತ್ತಮೂರು. ಎಡಗಣ್ಣಿನಲ್ಲಿ ಹೊಗೆ ಕಟ್ಟಿದ ಹಾಗೆ ಕಾಣುತ್ತದೆ. ನನ್ನ ಪಕ್ಕದ ಸೀಟಿನಲ್ಲಿ ನಿನ್ನ ಅತ್ತೆ, ಅವಳಿಗೆ ಎರಡೂ ಕಣ್ಣಿಗೆ ಪೊರೆ, ಮೇಲಾಗಿ ಇಂಜಿನ್ ಶುರುವಾದರೆ ನಿದ್ದೆ. ಗಾಡಿಯಲ್ಲಿ ಚೊಕ್ಕ ಕಣ್ಣು ಇದ್ದವಳು ನೀನೊಬ್ಬಳು, ನೀನು ಹಿಂದೆ ಮರಿಗಳ ನಡುವೆ. ಸೊಸೆ ಮಾವನ ಸಮಕ್ಕೆ ಕೂಡಬಾರದಲ್ಲ. ಅಂಜನಾ ಇದ್ದಾಗ ನನ್ನ ಸೀಟಿನ ಹಿಂದಿನ ಆ ಸಣ್ಣ ಕಿಡಕಿಯಿಂದ ಅವಳ ಕೈಯಲ್ಲಿ ನನಗೆ ದಾರಿ ಹೇಳಿಸುತ್ತಿದ್ದಿ. ಅವಳು ಹಾಸ್ಟೆಲಿಗೆ ಹೋದ ಮೇಲೆ ತೊಡೆಯ ಮೇಲಿನ ಮರಿಗೆ ಹೇಳತೊಡಗಿದಿ. “ಮರೀ, ಮುಂದ ದೊಡ್ಡ ತಗ್ಗ ಐತಿ, ಗಟ್ಟಿ ಕುಂದ್ರು.” “ಮರೀ, ಎಡಕ ಸೈಕಲ್ ಬಂತ ನೋಡು.” ನಾನು ಕೇಳಿಸಿಕೊಂಡು ಬ್ರೇಕ್ ಒತ್ತುತ್ತಿದ್ದೆ, ಆದರೆ ನಾನೇ ನೋಡಿ ಒತ್ತಿದೆನೆಂಬ ಮುಖ ಮಾಡುತ್ತಿದ್ದೆ. ಮೂರು ವರ್ಷ ಆ ಗಾಡಿಯನ್ನು ಓಡಿಸಿದವಳು ನೀನು, ಹೆಸರು ನನ್ನದು.

ದೀಪಾವಳಿಗೆ ಬಂದಾಗ ಅಂಜನಾ ಎಲ್ಲರ ಮುಂದೆ ಅಂದಳು, “ಮುತ್ಯಾ, ವಯಸ್ಸಾತು, ಇನ್ನ ಗಾಡಿ ಬಿಡು.” ನಾನು ಅವಳಿಗೆ ಬೈದೆ. ಸರಕಾರ ಲೈಸೆನ್ಸ್ ಕೊಟ್ಟಿದೆ, ನೀನ್ಯಾರು ಕೇಳಲಿಕ್ಕೆ ಎಂದೆ. ಆ ಲೈಸೆನ್ಸಿನ ಗುಟ್ಟನ್ನೂ ಇವತ್ತು ಹೇಳಿಬಿಡುತ್ತೇನೆ. ಕಣ್ಣು ಪರೀಕ್ಷೆಯ ದಿನ ನನ್ನ ಮುಂದೆ ಆರು ಮಂದಿ ನಿಂತಿದ್ದರು. ಒಬ್ಬೊಬ್ಬರು ಗೋಡೆಯ ಮೇಲಿನ ಅಕ್ಷರ ಓದುವಾಗ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ನನ್ನ ಪಾಳಿ ಬಂದಾಗ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದೆ. ಡಾಕ್ಟರರು ಅಜ್ಜನ ಕಣ್ಣು ಚುರುಕು ಎಂದರು. ಮನೆಗೆ ಬಂದು ಅದನ್ನೇ ಮೂರು ದಿನ ಹೇಳಿಕೊಂಡು ತಿರುಗಿದೆ. ವಯಸ್ಸಾದವರೆಲ್ಲ ಗಾಡಿ ಬಿಡಬೇಕೆಂದು ನಾನು ಈಗಲೂ ಒಪ್ಪುವುದಿಲ್ಲ, ಚೊಕ್ಕ ಕಾಣುವವರು ಓಡಿಸಲಿ. ನನಗೆ ಕಾಣುತ್ತಿರಲಿಲ್ಲ, ಮತ್ತು ಅದು ನನಗೆ ಗೊತ್ತಿತ್ತು.

ಇನ್ನು ಆ ದಿನದ ಮಾತು. ಹುನಗುಂದದ ಕಡೆ ಬೀಡು ಬದಲಿಸುವ ಬೆಳಿಗ್ಗೆ, ನನ್ನ ಲಾರಿ ಕಾಲದ ಗೆಳೆಯ ಖಾದರಬಾಷಾ ಭೇಟಿಗೆ ಬಂದಿದ್ದ. ಅವನು ಮಕ್ಕಳ ಮಾತಿಗೆ ಡ್ರೈವಿಂಗ್ ಬಿಟ್ಟು ಈಗ ಮಗನ ಅಂಗಡಿಯಲ್ಲಿ ಕೂಡುತ್ತಾನೆ. ನಾನು ಅದಕ್ಕೆ ಭಾಳ ನಕ್ಕೆ. ಅವನೂ ಬಿಡಲಿಲ್ಲ, “ನಿನ್ನ ಗಾಡಿ ನಿನ್ನ ಸೊಸಿ ನಡಸ್ತಾಳಂತ ಸುದ್ದಿ ಐತೆಲ್ಲೋ” ಅಂದ. ಆ ಮಾತು ನನಗೆ ನಾಟಿತು. ಇಕ್ಕಟ್ಟಾದ ಬದುವಿನ ಸಂದಿಯಲ್ಲಿ ಒಂದೇ ಸಲಕ್ಕೆ ಹಿಂದಕ್ಕೆ ತೆಗೆದು ತೋರಿಸುತ್ತೇನೆ ನೋಡು ಎಂದು ಹತ್ತಿ ಕುಳಿತೆ. ಖಾದರಬಾಷಾ ನನ್ನ ಬಾಗಿಲ ಹತ್ತಿರವೇ ನಿಂತಿದ್ದ. ನೀನು ಹಿಂದೆ, ಮರಿಗಳನ್ನು ಕೂಡಿಹಾಕಿದ ಬಲೆಯ ಬೇಲಿಯ ಹತ್ತಿರ ನಿಂತಿದ್ದಿ. ಮುಂದಿನದು ನಿನಗೇ ಗೊತ್ತು. ಗಾಡಿ ಬಲೆಯ ಮೇಲೆ ಹೋಯಿತು, ನಾಲ್ಕು ಮರಿ ಹೋದವು, ಐದನೆಯದನ್ನು ಚಕ್ರದ ಕೆಳಗಿಂದ ಎಳೆಯುವಾಗ ನಿನ್ನ ಬೆರಳು ಸಿಕ್ಕವು. ನೀನು ಚೀರಿದ ಮೇಲೆ ನಾನು ನಿಲ್ಲಿಸಿದೆ.

ದವಾಖಾನೆಯ ಗೇಟಿನಲ್ಲಿ ಮಹಾಂತೇಶ ನಿನಗೆ ಅಂದದ್ದನ್ನು ನಾನು ಮರೆಯಬೇಕೆಂದರೂ ಆಗುತ್ತಿಲ್ಲ. “ಒಂದ್ ಮಾತ್ ಒದರಾಕ ಏನಾಗಿತ್ತು ನಿನಗ? ಬಾಯಾಗ ಏನ್ ಇಟ್ಕೊಂಡ ನಿಂತಿದ್ದಿ?” ನಿನ್ನ ಅಣ್ಣಂದಿರೂ ಅಲ್ಲೇ ಇದ್ದರು. ನೀನು ಅಳುತ್ತ ಹೇಳಿದಿ, “ಎರಡ್ ಸಲ ಒದರೇನ್ರಿ. ಮಾವಾರನ್ನ ಕೇಳ್ರಿ.” ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಂದೆ, “ನನಗೇನೂ ಕೇಳಿಸಲಿಲ್ಲಪಾ. ಆಕಿ ಒದರಿದ್ರ ನಾ ನಿಲ್ಲಸ್ತಿದ್ನೆಲ್ಲ.” ಆಗ ನೀನು ಮುಖ ಎತ್ತಿ ನನ್ನನ್ನು ನೋಡಿದಿ. ಆಮೇಲೆ ಒಳ್ಳೆಯ ಕೈಯಿಂದ ಸೆರಗು ಎಳೆದುಕೊಂಡಿ. ಹಾಗೇ ಅಣ್ಣಂದಿರ ಜೊತೆ ಚೊಳಚಗುಡ್ಡಕ್ಕೆ ಹೋದಿ. ಇಂಜಿನ್ನಿನ ಸದ್ದಿನಲ್ಲಿ ಮುದುಕನಿಗೆ ಕೇಳಿಸಿಲ್ಲ ಎಂದು ನಿನ್ನ ಅತ್ತೆ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಅವಳನ್ನು ತಡೆದಿಲ್ಲ. ಸೊಸೆ ಬೇಜವಾಬ್ದಾರಿ ಎಂಬ ಮಾತು ನಮ್ಮ ಬಂಧು ಬಳಗದ ಕಿವಿಗೂ ಬಿದ್ದಿದೆಯಂತೆ, ಅದನ್ನೂ ತಡೆದಿಲ್ಲ. ಇಪ್ಪತ್ತು ದಿನದಿಂದ ಬಿಸಿ ಚಹಾ ಕುಡಿದುಕೊಂಡು ಸುಮ್ಮನೆ ಕುಳಿತಿದ್ದೇನೆ, ನಾಚಿಕೆಯಿಂದ ಸಾಯುವುದಿಲ್ಲ ಮನುಷ್ಯ.

ಈಗ ಗಾಡಿಯನ್ನು ಇಳಕಲ್ಲಿನ ಅರ್ಷದ ಎಂಬ ಹುಡುಗ ಓಡಿಸುತ್ತಾನೆ. ನಿನ್ನ ಅತ್ತೆ ಮುಂದೆ, ನಾನು ನಿನ್ನ ಜಾಗದಲ್ಲಿ, ಮರಿಗಳ ನಡುವೆ. ಮೊದಲ ದಿನ ಯಾರಾದರೂ ನೋಡಿಯಾರೆಂದು ತಾಡಪಾಲು ಇಳಿಬಿಟ್ಟುಕೊಂಡು ಕುಳಿತೆ. ಅಲ್ಲಿ ಕುಳಿತಾಗ ಗೊತ್ತಾಯಿತು, ನಾನು ಹಂಪ್ ಹಾರಿಸಿದಾಗೆಲ್ಲ ನಿನ್ನ ಬೆನ್ನಿಗೆ ಏನಾಗುತ್ತಿತ್ತೆಂದು. ಒಮ್ಮೆಯೂ ನೀನು ಅದನ್ನು ಯಾರಿಗೂ ಹೇಳಿದವಳಲ್ಲ. ಕಮತಗಿ ದಾಟುವಾಗ ಎದುರಿಗೆ ಟ್ರ್ಯಾಕ್ಟರ್ ಬಂದಂತಾಯಿತು, ನಾನು ಮರಿಗೆ “ಎಡಕ್ಕ ಸರಿ” ಅಂದೆ. ಅರ್ಷದ ಹಿಂದೆ ತಿರುಗಿ, ಮುತ್ಯಾ ಯಾರ ಜೋಡಿ ಮಾತಾಡ್ತಿ ಎಂದು ನಕ್ಕ. ಅವನಿಗೆ ಅದು ಅರ್ಥವಾಗಬೇಕಾಗಿಲ್ಲ, ಅವನ ಕಣ್ಣು ಚೆನ್ನಾಗಿವೆ.

ಬಾ ಎಂದು ಕರೆಯುವ ಮುಖ ನನಗಿಲ್ಲ. ಕೈ ಪೂರ್ತಿ ವಾಸಿಯಾಗಲಿ, ಮನಸ್ಸೂ ವಾಸಿಯಾಗಲಿ, ಅದಕ್ಕೆ ಎಷ್ಟು ದಿನ ಬೇಕೋ ಅಷ್ಟು ದಿನ ತಾಯಿಯ ಮನೆಯಲ್ಲಿರು. ನೀನು ಬಂದರೆ ಮುಂದಿನ ಸೀಟಿನಲ್ಲಿ ಕೂಡಬೇಕು, ಅದಕ್ಕೆ ಯಾರಾದರೂ ನಕ್ಕರೆ ನನ್ನ ಹೆಸರು ಹೇಳು. ನಿನ್ನ ತಾಯಿ ಸುಂದರವ್ವನವರಿಗೂ ಅಣ್ಣಂದಿರಿಗೂ ನನ್ನ ಶರಣು ತಿಳಿಸು. ನಮ್ಮ ದೇವರು ಬೀರಪ್ಪ ನಿನ್ನ ಕೈಗೆ ಮೊದಲಿನ ಬಲ ಕೊಡಲಿ.

ನಿನ್ನ ಮಾವ,
ಅಮಸಿದ್ದಪ್ಪ

ತಾ.ಕ.: ಮುಖ್ಯ ಮಾತು ಬರೆಯಲಾಗದೆ ಸಹಿ ಹಾಕಿಬಿಟ್ಟಿದ್ದೆ. ಆ ದಿನ ನನಗೆ ಕೇಳಿಸಿತ್ತು, ಸುರೇಖಾ. ಎರಡು ಸಲವೂ ಕೇಳಿಸಿತ್ತು. ಮೊದಲನೆಯ ಸಲ “ಮರೀ, ಸಾಕು, ನಿಂದ್ರು” ಅಂದಿ. ಎರಡನೆಯ ಸಲ ಮರಿಗೆ ಹೇಳಲಿಲ್ಲ, “ಮಾವಾರ, ನಿಂದರ್ರಿ” ಎಂದು ನನ್ನನ್ನೇ ಕರೆದಿ. ಹದಿನಾಲ್ಕು ವರ್ಷದಲ್ಲಿ ನೀನು ನನ್ನನ್ನು ಕರೆದದ್ದು ಅದೊಂದೇ ಸಲ. ಖಾದರಬಾಷಾನಿಗೂ ಕೇಳಿಸಿ ಅವನು ನನ್ನ ಮುಖ ನೋಡಿದ, ಅದಕ್ಕೇ ನಾನು ಬ್ರೇಕ್ ಒತ್ತಲಿಲ್ಲ. ಈ ಪತ್ರವನ್ನು ಮಹಾಂತೇಶನ ಕೈಯಲ್ಲಿ ಕಳಿಸುತ್ತಿದ್ದೇನೆ, ಲಕೋಟೆಗೆ ಅಂಟು ಹಚ್ಚಿಲ್ಲ, ದಾರಿಯಲ್ಲಿ ಅವನು ಓದಲಿ ಎಂದೇ. ಓದದೆ ತಂದಿದ್ದರೆ ಅವನನ್ನೂ ನಿನ್ನ ಅಣ್ಣಂದಿರನ್ನೂ ಕೂಡಿಸಿಕೊಂಡು ನೀನೇ ಗಟ್ಟಿಯಾಗಿ ಓದು.