ಅನುಭವ: ಒಂಬತ್ತು ವರ್ಷ

ಅತ್ತಿಗೆ,

ಎಂಟೂವರೆ ಬಸ್ಸಿಗೆ ಓಡುತ್ತಿದ್ದೇನೆ. ಹಾಲು ಕಾಯಿಸಿಟ್ಟಿದ್ದೇನೆ. ನಿಮ್ಮ ಫೋನು ಚಾರ್ಜಿಗಿದೆ. ಅಣ್ಣನ ಕೈಗೆ ಕೊಡಬೇಡಿ, ರೀಲ್ಸ್ ನೋಡಿ ಖಾಲಿ ಮಾಡುತ್ತಾನೆ.

ಲಿಂಕ್ಡ್‌ಇನ್‌ನಲ್ಲಿ ನೀವು ‘ಅನುಭವ ಇಲ್ಲ’ ಎಂದು ಬರೆಸಿದ್ದಿರಲ್ಲ, ಅದನ್ನು ಅಳಿಸಿ ‘ಹೊಗೆಸೊಪ್ಪಿನ ಗ್ರೇಡಿಂಗ್, ಒಂಬತ್ತು ವರ್ಷ’ ಎಂದು ಹಾಕಿದೆ. “ನಮ್ಮನೆ ಸೊಪ್ಪು ಗ್ರೇಡ್ ಮಾಡೋದೂ ಒಂದ್ ಕೆಲ್ಸವೇನೇ ಪವಿ, ಸುಮ್ನಿರು ಅತ್ಲಾಗೆ” ಎಂದು ನೀವು ನಕ್ಕಿದ್ದಿರಿ. ಹುಣಸೂರಿನ ಸೊಪ್ಪಿನ ಗೋದಾಮಿನ ಮ್ಯಾನೇಜರ್ ನಗಲಿಲ್ಲ. ಅವರಿಗೆ ಗ್ರೇಡಿಂಗ್ ನೋಡಿಕೊಳ್ಳಲು ಸೂಪರ್‌ವೈಸರ್ ಬೇಕಂತೆ. ನಿಮ್ಮ ಫೋನಿಗೆ ಮೆಸೇಜು ಹಾಕಿ ಒಂದೇ ಪ್ರಶ್ನೆ ಕೇಳಿದ್ದಾರೆ: ಬೇಲ್ ಮೂಟೆ ಕಟ್ಟಲು ಸೊಪ್ಪು ಹದಕ್ಕೆ ಬಂದಿದೆ ಎಂದು ಹೇಗೆ ಗುರುತಿಸುತ್ತೀರಿ? ಮಧ್ಯಾಹ್ನದೊಳಗೆ ಉತ್ತರ ಕಳಿಸಬೇಕು.

ಮಿಕ್ಕಿದ್ದನ್ನೆಲ್ಲ ನಾನೇ ತುಂಬಿದ್ದೆ. ಇದೊಂದಕ್ಕೆ ಅರ್ಧ ಗಂಟೆ ಪರದಾಡಿದೆ. ಇಷ್ಟು ವರ್ಷ ನಿಮ್ಮ ಪಕ್ಕದಲ್ಲೇ ಕೂತು ಕಾದಂಬರಿ ಓದಿದೆನೇ ಹೊರತು ನಿಮ್ಮ ಕೈಯನ್ನು ಸರಿಯಾಗಿ ನೋಡಲೇ ಇಲ್ಲ. ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ತರುತ್ತೀರಿ, ಅಷ್ಟೇ ನೆನಪು. ಆಗ ನಿಮಗೇನು ಕೇಳಿಸುತ್ತದೋ ಅದನ್ನು ನೀವೇ ಬರೆಯಿರಿ.

ಕಳಿಸುವ ಮುಂಚೆ ನನಗೆ ತೋರಿಸಬೇಡಿ. ತಿದ್ದಿ ಕೆಡಿಸಿಬಿಡುತ್ತೇನೆ.

ಪವಿ