ಬೋರ್ಡಿನ ಮೇಲಿನ ಅಳತೆ

ಪ್ರೀತಿಯ ಗುಂಡ,

ಹೇಗಿದ್ದೀಯಪ್ಪ? ನಿನ್ನ ಹೆಂಡತಿಯ ಮಂಡಿನೋವು ಇಳಿಯಿತೇ? ಪುಟ್ಟಿ ಈಗಲೂ ಊಟಕ್ಕೆ ಹಟ ಮಾಡುತ್ತಾಳಾ? ನನ್ನೊಡನೆ ಜಗಳವಾಡಿ ಹೋದ ನಿನ್ನ ವಿಳಾಸ ನನ್ನಲ್ಲಿಲ್ಲ, ಆದರೂ ಕೇಳುತ್ತೇನೆ.

ನನ್ನ ಟೈಲರಿಂಗ್ ಅಂಗಡಿಗೆಂದು ನೀನು ಬರೆದ, ಮಾರಲೇಬೇಕೆಂದು ನಾನು ಹಟ ಹಿಡಿದಿದ್ದ ‘ಅಳತೆ’ ಸಾಫ್ಟ್‌ವೇರನ್ನು ಕೊನೆಗೂ ನಿನ್ನಾಸೆಯಂತೆ ಎಲ್ಲ ಟೈಲರುಗಳಿಗೂ ಪುಕ್ಕಟೆ ಕೊಟ್ಟೆ. ಕೋಡ್ ಕೂಡ ತೆರೆದಿಟ್ಟೆ. ಹೆಸರನ್ನಾದರೂ ಉಳಿಸಿಕೊಳ್ಳಿ ಎಂದು ವಕೀಲರು ಹೇಳಿದ್ದಕ್ಕೆ ‘ಅಳತೆ’ ಪದಕ್ಕೆ ಟ್ರೇಡ್‌ಮಾರ್ಕ್ ಮಾಡಿಸಿದೆ. ಅದನ್ನು ಬೋರ್ಡಿನಲ್ಲಿ ಬರೆದುಕೊಂಡವರಿಗೆಲ್ಲ ಅಳಿಸಿ ಎಂದು ನನ್ನ ಹೆಸರಿನಲ್ಲಿ ನೋಟಿಸ್ ಹೋಯಿತು. ಓದದೆ ಸಹಿ ಹಾಕಿದೆ ಎನ್ನಲಾರೆ, ಓದಿಯೇ ಹಾಕಿದೆ.

ಇವತ್ತು ಬೆಳಿಗ್ಗೆ, ನನಗೆ ಕತ್ತರಿ ಹಿಡಿಯಲು ಕಲಿಸಿದ ಮೂಲೆಯಂಗಡಿಯ ಮಾಸ್ಟರು ಸ್ಟೂಲ್ ಹತ್ತಿ, ತಮ್ಮ ಬೋರ್ಡಿನ ‘ಇಲ್ಲಿ ಅಳತೆ ತೆಗೆದುಕೊಳ್ಳಲಾಗುವುದು’ ಎಂಬುದರ ಮೇಲೆ ಬಣ್ಣ ಬಳಿಯುತ್ತಿದ್ದರು.

“ಬಾಮ್ಮಾ ಯಜಮಾನ್ತಿ,” ಎಂದರು. “ಆ ಪದ ಈಗ ನಿಂದಂತೆ. ಗಿರಾಕಿ ಬಂದ್ರೆ ಟೇಪ್ ಹಿಡ್ಕೊಂಡು ಏನ್ ತಗೊಳ್ಳಿ ನಾನು? ನೀನೇ ಹೇಳ್ಬಿಡು.”

ಬಿಡಿ ಮಾಸ್ಟ್ರೇ, ಅಳಿಸಬೇಡಿ ಎನ್ನಬೇಕಿತ್ತು. ಸ್ಟೂಲ್ ಅಲ್ಲಾಡುತ್ತಿತ್ತು. ಅವರು ಬಳಿದು ಮುಗಿಸುವವರೆಗೂ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತೆ, ಗುಂಡ.

ಬೇಗ ಬರೆ. ಬೈದಾದರೂ ಬರೆ.

ನಿನ್ನ ಅಕ್ಕ