ಅದೇ ಕೆಂಪು ಲಂಗ

ಬೆಳಗೋಡು

ಶ್ರೀ ಯೋಗಾನಂದ ಅವರಿಗೆ,

ಸಕಲೇಶಪುರ ಸೀಮೆಯ ಸಮಸ್ತ ಮಹಾಜನರೂ ತಿಳಿಯತಕ್ಕ ಸುದ್ದಿ: ನಿಮ್ಮ ಫ್ಯಾಮಿಲಿ ಫೋಟೋದಿಂದ ಮೊದಲ ಹೆಂಡತಿಯನ್ನು ಇಂದು ಬೆಳಿಗ್ಗೆ ಹತ್ತೂವರೆಗೆ ಯಶಸ್ವಿಯಾಗಿ ಅಳಿಸಲಾಯಿತು. ಅಳಿಸಿದವಳು ಆ ಹೆಂಡತಿಯೇ, ಅಂದರೆ ನಾನು.

ನಾನು ಈ ಸ್ಟುಡಿಯೋದಲ್ಲಿ ಕೆಲಸಕ್ಕಿರುವುದು ಫೋಟೋ ತಂದ ನಿಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜಯಕುಮಾರನಿಗೆ ಗೊತ್ತಿರಲಿಲ್ಲ. "ಈ ಹೆಂಗಸ್ನ ತೆಗ್ದು ಹೊಸ ಅಮ್ಮಾವ್ರನ್ನ ಕೂರಿಸ್ಬೇಕಂತೆ ಕಣ್ರೀ" ಎಂದವನು ನನ್ನ ಮುಖ ನೋಡಿ, "ಅಯ್ಯಯ್ಯೋ, ನೀವಾ!" ಎಂದು ಓಡಿಬಿಟ್ಟ. ಪಾಪ, ಅವನ ಕೊಡೆ ಇಲ್ಲೇ ಇದೆ.

ಒಂದು ಸಣ್ಣ ಎಡವಟ್ಟಾಗಿದೆ. ಕಂಪ್ಯೂಟರಿನಲ್ಲಿ ಎಲ್ಲರನ್ನೂ ಬೇರೆ ಬೇರೆ ಪದರಕ್ಕೆ, ಅಂದರೆ ಲೇಯರ್‌ಗೆ ಹಾಕಿದ್ದೆ. ಆ ಲೇಯರ್‌ಗಳನ್ನೆಲ್ಲ ಒಟ್ಟಿಗೆ ಜೋಡಿಸಿರುವುದು ಮರೆತು ನನ್ನ ಸೀರೆಯ ಕೆಂಪನ್ನು ಸೆಲೆಕ್ಟ್ ಮಾಡಿ ಅಳಿಸಿದೆ. ಪಕ್ಕದಲ್ಲಿದ್ದ ನಮ್ಮ ಪುಟ್ಟಿಯ ಲಂಗವೂ ಹೋಯಿತು. ಅದು ಅದೇ ಸೀರೆಯ ಒಂದು ತುಂಡಿನಲ್ಲಿ ನಾನು ಹೊಲಿದದ್ದು. ತಾಯಿ ಮಗಳನ್ನು ಬೇರೆ ಮಾಡುವುದರಲ್ಲಿ ಕಂಪ್ಯೂಟರಿಗೆ ನಿಮ್ಮಷ್ಟು ಕೈಚಳಕವಿಲ್ಲ. ಅಳಿಸಿದ್ದನ್ನು ವಾಪಸ್ ತರುವ ಬಟನ್ ಇದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಆದ್ದರಿಂದ ಸೋಮವಾರ ಅವಳಿಗೆ ಅದೇ ಲಂಗ ಹಾಕಿಸಿ, ಹತ್ತು ನಿಮಿಷ ಸ್ಟುಡಿಯೋಗೆ ಕಳುಹಿಸಿ. ನೀವು ಅವಳನ್ನು ನನಗೆ ತೋರಿಸದೆ ಎರಡು ವರ್ಷವಾಯಿತು, ಉದ್ದ ಬೆಳೆದಿರುತ್ತಾಳೆ. ಲಂಗದ ಅಂಚಿನೊಳಗೆ ಎರಡು ಮಡಿಕೆ ಬಿಟ್ಟು ಹೊಲಿದಿದ್ದೇನೆ. ಅವನ್ನು ಬಿಚ್ಚಿಸಿ ಕಳುಹಿಸಿ.

ಇಂತಿ,
ಫೋಟೋದಲ್ಲಿ ಈಗ ಇಲ್ಲದ
ಚೈತ್ರಶ್ರೀ